ಸಹಾಯ ಬೇಕು: ಕಿಟ್ಟೆಲ್ ಅವರ ‘ಕಥಾಮಾಲೆ’ ಹಳೆ ಪ್ರತಿ, ಸ್ಕ್ಯಾನ್ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಿಟ್ಟೆಲ್ ಅಂದರೆ ಎಲ್ಲರಿಗೂ 1894ರ ನಿಘಂಟು ಮಾತ್ರ ನೆನಪಾಗುತ್ತದೆ, ಅಲ್ವಾ? ಆದರೆ ಅವರು ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದಿದ್ದರು. 1862ರ ‘ಕಥಾಮಾಲೆ’. ನನ್ನ ಪ್ರಕಾರ ಅವರನ್ನು ಕವಿ ಅಂತ ನಾವು ಸರಿಯಾಗಿ ಓದೇ ಇಲ್ಲ.

ಮಂಗಳೂರಿನ ನಮ್ಮ ಸಭೆಯ ಹಿರಿಯರೊಬ್ಬರ ಮನೆಯಲ್ಲಿ ಅದರ ಹಳೆಯ ಪ್ರತಿ ಇದೆ. ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ. ಅಂಚಿನಲ್ಲಿ ಹುಳ ಕೊರೆದ ತೂತು, ಯಾರೋ ಯಾವಾಗಲೋ ಹಚ್ಚಿದ ಸೆಲ್ಲೋಟೇಪು ಹಳದಿಯಾಗಿ ಪದ್ಯದ ಸಾಲಿನ ಮೇಲೇ ಕೂತಿದೆ. ಹೊಲಿಗೆ ಬಿಗಿ ಇರುವುದರಿಂದ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳಲ್ಲ.

ಫೋನಿನಲ್ಲಿ ತೆಗೆದು ನೋಡಿದೆವು, ಒಳಬದಿಯ ಅಕ್ಷರ ಬಾಗಿ ಬರುತ್ತದೆ. ಓಸಿಆರ್‌ಗೆ (ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ) ಹಾಕಿದರೆ ಒತ್ತಕ್ಷರಗಳೆಲ್ಲ ಕಲಸುಮೇಲೋಗರ. ಜೆರಾಕ್ಸ್ ಅಂಗಡಿಯವರು ಬೈಂಡಿಂಗ್ ಕತ್ತರಿಸಿ ಕೊಡಿ ಅಂದರು, ಹಿರಿಯರು ಸುತರಾಂ ಒಪ್ಪಲಿಲ್ಲ (ನಾನಾದರೂ ಒಪ್ಪುತ್ತಿರಲಿಲ್ಲ ಬಿಡಿ). ಕಾಪಿರೈಟ್ ತಲೆನೋವಿಲ್ಲ, ಕಿಟ್ಟೆಲ್ ತೀರಿಕೊಂಡಿದ್ದು 1903ರಲ್ಲಿ, ಲೇಖಕರು ತೀರಿಕೊಂಡ ಮೇಲೆ ನಮ್ಮ ಕಾನೂನು ಕೊಡುವ 60 ವರ್ಷ ಯಾವತ್ತೋ ಮುಗಿದಿದೆ. ಹಾಗಾಗಿ ಯಾರು ಬೇಕಾದರೂ ಉಚಿತವಾಗಿ ಓದುವ ಆನ್ಲೈನ್ ಗ್ರಂಥಾಲಯ ಕನ್ನಡ ವಿಕಿಸೋರ್ಸ್‌ಗೆ ಹಾಕುವ ಆಸೆ.

ಈಗ ಗೊಂದಲ ಇಷ್ಟೇ. ಹೊಲಿಗೆ ಬಿಚ್ಚದೆ, ಪುಸ್ತಕವನ್ನು ಅರ್ಧ ಮಾತ್ರ ತೆರೆದು ಮೇಲಿನಿಂದ ಸ್ಕ್ಯಾನ್ ಮಾಡುವವರು ಮಂಗಳೂರು, ಉಡುಪಿ ಕಡೆ ಯಾರಾದರೂ ಇದ್ದಾರಾ? ಆ ಟೇಪನ್ನು ಸ್ಕ್ಯಾನಿಗೆ ಮೊದಲು ತೆಗೆಸಬೇಕಾ, ಇಲ್ಲ ಸುಮ್ನೆ ಹಾಗೇ ಬಿಡಬೇಕಾ? ಈ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.