ಉಣಕಲ್ ಹತ್ರ ಬೀದಿ ನಾಯಿ, ಕಿವಿ ಹಿಂದ ಹುಳ ಬಿದ್ದಾವು. ಮೊದಲ ಏನ್ ಮಾಡ್ಬೇಕ್ರಿ?

ಕೆರಿದಂಡಿ_ಅಕ್ಕ

ನಮಸ್ಕಾರ್ರಿ. ಹುಬ್ಬಳ್ಳಿ ಉಣಕಲ್ ಕೆರಿ ಕಡೆ, ಬಸ್ಸಿಗಂತ ಮಾಡಿದ ಬಿಆರ್‌ಟಿಎಸ್ ರಸ್ತೆ ಬಾಜೂಕ ನಿನ್ನಿಯಿಂದ ಒಂದು ಕಂದು ಬಣ್ಣದ ಹೆಣ್ಣು ನಾಯಿ ಕುಂತೈತಿ. ಅಂದಾಜು 12 ಕೆಜಿ ಇರಬೇಕು, ಪಕ್ಕಡಿ ಎಲುಬು ಎಣಸಬಹುದು. ಎಡಗಿವಿ ಹಿಂದ ಎರಡು ರೂಪಾಯಿ ನಾಣ್ಯದಷ್ಟು ಗಾಯ, ಒಳಗ ಬಿಳಿ ಹುಳ ಮಿಸುಕಾಡ್ತಾವು, ವಾಸನಿ ಹೊಡಿತೈತಿ. ಕೊರಳಾಗ ಬೆಲ್ಟ್ ಇಲ್ಲ, ಆದ್ರ ಬೆಲ್ಟ್ ಇದ್ದ ಜಾಗಾದಾಗ ಕೂದಲ ಸವದ ಗೆರಿ ಕಾಣತೈತಿ. ಕರದ್ರ ಬಾಲ ಅಲ್ಲಾಡಸ್ತೈತಿ, ಕಿವಿ ಕಡೆ ಕೈ ಒಯ್ದ್ರ ಗುರ್ ಅಂತೈತಿ.

ಮನ್ಯಾಗ 6 ವರ್ಷದ ಮಗಳು ಅದಾಳ, ಸಾಕಿದ ನಾಯಿನೂ ಒಂದೈತಿ. ಮನಿಗೆ ತರಬೇಕೋ, ಅಲ್ಲೇ ಔಷಧ ಹಾಕಬೇಕೋ? ಓಣ್ಯಾಗ ಒಬ್ರು ಸೀಮೆಎಣ್ಣಿ ಅಂತಾರ, ಇನ್ನೊಬ್ರು ಡಾಂಬರ ಗುಳಿಗಿ ಪುಡಿ ಮಾಡಿ ತುಂಬ್ರಿ ಅಂತಾರ. ತಿಳದವರು ಹೇಳ್ರಿ.

ಕೇಶ್ವಾಪುರ_ಓಣಿ

ಅಕ್ಕಾರ, ಸೀಮೆಎಣ್ಣಿ, ಪೆಟ್ರೋಲ್, ಫಿನೈಲ್, ಡಾಂಬರ ಗುಳಿಗಿ, ಯಾವುದೂ ಬ್ಯಾಡ. ಸೀಮೆಎಣ್ಣಿ ಜೀವಂತ ಮಾಂಸಾನ ಸುಡತೈತಿ. ಡಾಂಬರ ಗುಳಿಗಿ ರಕ್ತಕ್ಕ ಸೇರಿದ್ರ ಕೆಂಪು ಕಣ ಒಡದು ನಾಯಿ ಸಾಯಬಹುದು. ಔಷಧದ ಮಾತು ಗೊತ್ತಿದ್ದವರು ಬರೀತಾರ, ನಾನು ಹಿಡಿಯೋದು ಮತ್ತ ಮಾಲಕರನ್ನ ಹುಡುಕೋದು ಎರಡನ್ನ ಹೇಳ್ತೀನಿ.

ಮುಟ್ಟೋಕಿಂತ ಮೊದಲ ಹತ್ತು ಹೆಜ್ಜಿ ದೂರ ನಿಂತು ಐದು ನಿಮಿಷ ನೋಡ್ರಿ. ಜೊಲ್ಲು ಸುರಸಾಕತ್ತೈತೇನು? ಕೆಳಗಿನ ದವಡಿ ಜೋತು ಬಿದ್ದೈತೇನು? ಬೊಗಳೋ ದನಿ ಒಡದಂಗ ಕೇಳತೈತೇನು? ಕಲ್ಲು, ಕಟಗಿ ಸುಮ್ಮನ ಕಚ್ಚತೈತೇನು, ಹಿಂಗಾಲು ತೂರಾಡತಾವೇನು? ಇವುದರಾಗ ಒಂದು ಕಂಡ್ರೂ ಹತ್ರ ಹೋಗಬ್ಯಾಡ್ರಿ. ಮಕ್ಕಳನ್ನ ದೂರ ಇಟ್ಟು ಮಹಾನಗರ ಪಾಲಿಕೆಗೆ ತಿಳಸ್ರಿ. "ಗಂಟಲಾಗ ಎಲುಬು ಸಿಕ್ಕೈತಿ" ಅಂತ ನಾಯಿ ಬಾಯಾಗ ಕೈ ಹಾಕೋದು ಭಾಳ ದೊಡ್ಡ ತಪ್ಪು. ರೇಬಿಸ್ ಬಂದ ನಾಯಿನೂ ನುಂಗಾಕ ಬರದ ಹಂಗೇ ಕಾಣತೈತಿ.

ನೀವು ಹೇಳೋದು ನೋಡಿದ್ರ ಇದು ನೋವಿಗೆ ಗುರ್ ಅನ್ನಾಕತ್ತೈತಿ. ಹಿಂಗ ಹಿಡೀರಿ. ನೆಟ್ಟಗ ಎದುರ ಹೋಗದ ಓರೆಯಾಗಿ ಹೋಗಿ ಕುಂದರ್ರಿ, ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ. ಬೇಯಿಸಿದ ತತ್ತಿ ಅಥವಾ ಉಪ್ಪು, ಉಳ್ಳಾಗಡ್ಡಿ ಹಾಕದ ಚಿಕನ್ ಚೂರು ಚೆಲ್ಲಿ ನಿಮ್ಮ ಕಡೆ ಬರೂವಂಗ ಮಾಡ್ರಿ. ಬಾಯಿ ಕಟ್ಟಾಕ 3 ಇಂಚಿನ ಬ್ಯಾಂಡೇಜ್ ಬಟ್ಟಿ ಒಂದೂವರಿ ಮೀಟರ್ ಸಾಕು. ನಡುವ ಸಡಲ ಕುಣಿಕಿ ಮಾಡಿ ಮೂತಿ ಮ್ಯಾಲಿಂದ ಹಾಕಿ ಎಳೀರಿ, ಎರಡೂ ತುದಿ ಗದ್ದದ ಕೆಳಗ ಒಮ್ಮೆ ಸುತ್ತಿ ಕಿವಿ ಹಿಂದ, ತಲಿಬುರಡಿ ಬುಡಕ್ಕ ಕಟ್ಟಿರಿ. ಗಾಯ ಎಡಗಿವಿ ಹಿಂದೇ ಐತಲ್ಲ, ಗಂಟು ಬಲಕ್ಕ ಸರಸ್ರಿ. ಬಾಯಿ ಕಟ್ಟಿದ ನಾಯಿಗೆ ತೇಕಾಕ ಬರೂದಿಲ್ಲ. ತೇಕಿದ್ರ ಮಾತ್ರ ಅದರ ಮೈ ತಂಪಾಗೋದು, ಅದಕ್ಕ ಐದ-ಹತ್ತು ನಿಮಿಷಕ್ಕಿಂತ ಹೆಚ್ಚು ಕಟ್ಟಿ ಇಡಬ್ಯಾಡ್ರಿ. ವಾಂತಿ ಮಾಡಾಕತ್ತಿದ್ರ ಕಟ್ಟಲೇಬ್ಯಾಡ್ರಿ.

ಕೊರಳ ಗೆರಿ ಅಂದ್ರ ಯಾರೋ ಸಾಕಿದ್ದು. ಮುಖದ್ದೊಂದು, ಎರಡೂ ಪಕ್ಕದ್ದೊಂದೊಂದು ಫೋಟೋ ತಗದು ಓಣಿ ವಾಟ್ಸಾಪ್ ಗುಂಪು, ಚಹಾದಂಗಡಿ, ಹಾಲಿನವರ ಕಡೆ ಕಳಸ್ರಿ. ಆದ್ರ ಒಂದು ಗುರುತು, ಹೊಟ್ಟಿ ಮ್ಯಾಲಿನ ಮಚ್ಚಿ ಅನ್ನೂವಂಥದ್ದು, ಫೋಟೋದಾಗ ಬರದಂಗ ನೋಡಕೋರಿ. "ನಮ್ಮ ನಾಯಿ" ಅಂತ ಬಂದವರು ಆ ಗುರುತು ತಾವಾಗೇ ಹೇಳಬೇಕು. ದವಾಖಾನಿಗೆ ಒಯ್ದಾಗ ಚರ್ಮದ ಕೆಳಗ ಮಾಲಕರ ಗುರುತಿನ ಮೈಕ್ರೋಚಿಪ್ ಐತೇನು ಅಂತ ಹೆಗಲ ನಡುವ ಸ್ಕ್ಯಾನ್ ಮಾಡಸ್ರಿ. ಅಲ್ಲೀತನಕ ಮಾಳಿಗಿ ಮ್ಯಾಲ ಒಂದು ಮೂಲ್ಯಾಗ ಕಟ್ಟಿ ಇಡಬಹುದು.

ಗದಗ_ಪಶುವೈದ್ಯ

ಹುಳದ ವಿಷಯ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇಂಥ ಎಷ್ಟೋ ನಾಯಿಗಳು ಸಾಯೋದು ಗಾಯದಿಂದಲ್ಲ, ಅರ್ಧಂಬರ್ಧ ತೆಗೆದ ಹುಳದಿಂದ.

ನೊಣ ಗಾಯದ ಅಂಚಿಗೆ ತತ್ತಿ ಇಡುತ್ತೆ. ಮಳೆಗಾಲದ ಸೆಕೆಯಲ್ಲಿ ಒಂದೇ ದಿನದಲ್ಲಿ ಮರಿ ಹೊರಗೆ ಬರುತ್ತೆ. ಹುಳ ತಲೆ ಕೆಳಗೆ ಮಾಡಿ ಮಾಂಸದೊಳಗೆ ಕೊರೆದುಕೊಂಡು ಹೋಗುತ್ತೆ, ಉಸಿರಾಡೋ ರಂಧ್ರ ಇರೋದು ಬಾಲದ ತುದಿಯಲ್ಲಿ. ಬ್ಯಾಟರಿ ಬೆಳಕಲ್ಲಿ ನೋಡಿದರೆ ಗಾಯದ ಮೇಲ್ಭಾಗದಲ್ಲಿ ಒತ್ತೊತ್ತಾಗಿ ನಿಂತ ಅಕ್ಕಿ ಕಾಳಿನಂಥ ತುದಿಗಳು, ಪ್ರತಿಯೊಂದರಲ್ಲೂ ಎರಡು ಕಪ್ಪು ಚುಕ್ಕಿ ಕಾಣ್ತವೆ. ಆ ಚುಕ್ಕಿಗಳೇ ಉಸಿರಿನ ದಾರಿ. ಅದನ್ನು ಮುಚ್ಚಿದರೆ ಹುಳ ತಾನಾಗಿ ಮೇಲೆ ಬರುತ್ತೆ. ಚಿಕಿತ್ಸೆಯ ಗುಟ್ಟು ಅಷ್ಟೇ. ಮೇಲೆ ಎರಡು ರೂಪಾಯಿಯಷ್ಟು ಕಂಡರೂ ಚರ್ಮದ ಕೆಳಗೆ ಗೂಡು ಅದರ ಎರಡು-ಮೂರು ಪಟ್ಟು ಇರಬಹುದು.

ಬೇಕಾಗೋದು: ಕೈಗವಸು, ಚಿಮಟ, ಹತ್ತಿಬಟ್ಟೆ, 500 ಮಿಲಿ ಸಲೈನ್ ಬಾಟ್ಲಿ, ಸೂಜಿ ತೆಗೆದ 20 ಮಿಲಿ ಸಿರಿಂಜ್, ಪೊವಿಡೋನ್ ಅಯೋಡಿನ್, ಮೆಡಿಕಲ್ ಅಂಗಡಿಯ ಟರ್ಪೆಂಟೈನ್ ಎಣ್ಣೆ. ಬಣ್ಣದಂಗಡಿಯ ಥಿನ್ನರ್ ಬೇಡವೇ ಬೇಡ. ಸಲೈನ್ ಸಿಗದಿದ್ದರೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮುಕ್ಕಾಲು ಚಹಾ ಚಮಚ ಉಪ್ಪು ಹಾಕಿ.

ಗಾಯದ ಸುತ್ತ ಎರಡು ಬೆರಳಗಲ ಕೂದಲು ಕತ್ತರಿಸಿ, ಕೂದಲ ಬುಡದಲ್ಲಿ ಅಂಟಿರೋ ಹಳದಿ-ಬಿಳಿ ತತ್ತಿಯ ಗೊಂಚಲು ಒರೆಸಿ ತೆಗೀರಿ. ಇದನ್ನ ಬಿಟ್ಟರೆ ನಾಳೆ ಮತ್ತೆ ಹುಳ. ಆಮೇಲೆ ಹತ್ತಿಬಟ್ಟೆಯನ್ನ ಟರ್ಪೆಂಟೈನ್‌ನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಗಾಯದ ಬಾಯಿಗೆ ಐದು ನಿಮಿಷ ಇಡಿ. ಸುರಿಯಬೇಡಿ. ಸುರಿದರೆ ಚರ್ಮ ಸುಡುತ್ತೆ, ಹುಳ ಒಳಗೇ ಸತ್ತು ಕೊಳೆಯುತ್ತೆ, ನೆಕ್ಕಿದರೆ ನಾಯಿಗೇ ವಿಷ. ನಿಮ್ಮ ಕೇಸಿನಲ್ಲಿ ಗಾಯ ಕಿವಿಯ ಹಿಂದೆ ಇರೋದ್ರಿಂದ ಒಂದು ಹನಿಯೂ ಕಿವಿ ತೂತಿಗೆ ಹೋಗಬಾರದು, ಮೊದಲೇ ಕಿವಿಗೆ ಒಣ ಹತ್ತಿ ತುರುಕಿ. ಕಣ್ಣು, ಬಾಯಿ, ಗುದದ ಹತ್ತಿರ ಟರ್ಪೆಂಟೈನ್ ಬಳಸೋದೇ ಬೇಡ, ಅಲ್ಲಿ ವ್ಯಾಸಲೀನ್ ದಪ್ಪಗೆ ಹಚ್ಚಿದರೂ ಹುಳ ಉಸಿರಿಗಾಗಿ ಮೇಲೆ ಬರುತ್ತೆ.

ಬಟ್ಟೆ ತೆಗೆದ ಕೂಡಲೇ ಚಿಮಟದಿಂದ ಒಂದೊಂದೇ ಹಿಡಿದು ನೆಟ್ಟಗೆ ಎಳೀರಿ. ಹಿಚುಕಿ ತುಂಡಾದರೆ ಉಳಿದ ಚೂರು ಕೀವಾಗುತ್ತೆ. ಉಪ್ಪುನೀರಿನ ಡಬ್ಬಿಯಲ್ಲಿ ಹಾಕ್ತಾ ಎಣಿಸಿ. ನೆಲಕ್ಕೆ ಎಸೆದರೆ ಮಣ್ಣಲ್ಲಿ ಹೊಕ್ಕು ನೊಣವಾಗಿ ವಾಪಸ್ ಬರ್ತವೆ. ಕೊನೆಗೆ ಸಿರಿಂಜ್‌ನಿಂದ ಸಲೈನ್ ಜೋರಾಗಿ ಹಾಯಿಸಿ ಟರ್ಪೆಂಟೈನ್ ಪೂರ್ತಿ ತೊಳೀರಿ, ತೆಳು ಚಹಾದ ಬಣ್ಣ ಬರೋವಷ್ಟು ನೀರು ಬೆರೆಸಿದ ಪೊವಿಡೋನ್ ಹಾಕಿ. ಹೈಡ್ರೋಜನ್ ಪೆರಾಕ್ಸೈಡ್ ದಿನಾ ಹಾಕಬೇಡಿ, ಹೊಸದಾಗಿ ಹುಟ್ಟೋ ಮಾಂಸವನ್ನೂ ಅದು ಕೊಲ್ಲುತ್ತೆ. ಗಾಯದ ಸುತ್ತ, ಒಳಗಲ್ಲ, ಬೇವಿನೆಣ್ಣೆ ಸವರಿದರೆ ನೊಣ ಕೂರೋದು ಕಡಿಮೆ. ಗಾಯಕ್ಕೆ ಹಾಕೋ ಟೋಪಿಕ್ಯೂರ್, ಹೈಮ್ಯಾಕ್ಸ್‌ನಂಥವು ಪಶು ಔಷಧಿ ಅಂಗಡಿಯಲ್ಲಿ ಸಿಗ್ತವೆ. ಲಿಂಡೇನ್ ಅನ್ನೋ ವಿಷಕಾರಿ ಕೀಟನಾಶಕ ಇರೋ ಹಳೇ ಮುಲಾಮು ಕೊಟ್ಟರೆ ವಾಪಸ್ ಕೊಡಿ.

ಮಾರನೇ ದಿನ ಮತ್ತೆ ನೋಡಲೇಬೇಕು, ಮೂರನೇ ದಿನವೂ. ಮೊದಲ ದಿನ ಆಳದಲ್ಲಿ ಉಳಿದವು ಎರಡನೇ ದಿನ ಮೇಲೆ ಬರ್ತವೆ. ಗಾಯ ಕೆಂಪಗೆ, ವಾಸನೆಯಿಲ್ಲದೆ ಇದ್ದರೆ ಗುಣವಾಗ್ತಿದೆ. ಗಾಯ ಕಿವಿಯ ಒಳಗೆ ಹೋಗಿದ್ದರೆ, ಎಲುಬು ಕಂಡರೆ, ವಸಡು ಬೆಳ್ಳಗಿದ್ದರೆ, ನಾಯಿ ಏಳದಿದ್ದರೆ ಮನೆಮದ್ದು ಬೇಡ, ನೇರ ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಅರಿವಳಿಕೆ ಕೊಟ್ಟು ತೆಗೀತಾರೆ. ಹುಳ ಕೊಲ್ಲೋ ಐವರ್ಮೆಕ್ಟಿನ್ ಸೂಜಿ ತೂಕ, ತಳಿ ನೋಡಿ ವೈದ್ಯರೇ ಹಾಕಬೇಕು, ಕೋಲಿ ಅನ್ನೋ ನಾಯಿ ತಳಿಯ ಮಿಶ್ರಣ ಇದ್ದರೆ ಅದು ಮಿದುಳಿಗೇರುತ್ತೆ. ನೋವಿಗೆ ಅಂತ ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ಲಿವರ್, ಕಿಡ್ನಿ ಹೋಗ್ತವೆ.

1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಅನ್ನೋ ಸಂಚಾರಿ ಚಿಕಿತ್ಸಾ ಗಾಡಿ ಬರುತ್ತೆ, ಆದರೆ ಅದು ಮುಖ್ಯವಾಗಿ ದನಕರುಗಳಿಗೆ. ಊರೊಳಗಿನ ನಾಯಿಗೆ ಅದನ್ನೇ ನಂಬಿ ಕೂರಬೇಡಿ, ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋಗೋದೇ ಬೇಗ. ಸೀಟಿನ ಮೇಲೆ ಗೋಣಿಚೀಲ ಹಾಸಿದರೆ ಆಟೋದವರು ಒಪ್ತಾರೆ.

ಕೆರಿದಂಡಿ_ಅಕ್ಕ

ಭಾಳ ಉಪಕಾರ ಆತ್ರಿ ಡಾಕ್ಟರ್. ಇನ್ನೊಂದು ಕೇಳ್ತೀನಿ. ಬಾಯಿ ಕಟ್ಟೂವಾಗ ಹಲ್ಲು ತಗಲಿ ಬರೇ ಚರ್ಮ ತರಚಿದ್ರ, ರಕ್ತ ಬರದಿದ್ರ, ಸೂಜಿ ಬೇಕೇನ್ರಿ? ಹುಳ ಇದ್ದ ಗಾಯ ಮುಟ್ಟಿದ್ರ?

ಸಪ್ತಾಪುರ_ಸಿಸ್ಟರ್

ಬೇಕ್ರೀ ಅಕ್ಕಾರ. ರಕ್ತ ಬರದ ಸಣ್ಣ ತರಚು ಗಾಯಕ್ಕೂ ಲಸಿಕೆ ಬೇಕೇ ಬೇಕು. ಚರ್ಮ ಹರಿದು ರಕ್ತ ಬಂದಿದ್ರ, ಅಥವಾ ನಿಮಗ ಮೊದಲೇ ಇದ್ದ ಗಾಯಕ್ಕ, ಕಣ್ಣಿಗೆ, ಬಾಯಿಗೆ ಜೊಲ್ಲು ಬಿದ್ದಿದ್ರ ಲಸಿಕೆ ಜೋಡಿ, ರೋಗಾಣುವನ್ನ ಕೂಡಲೇ ತಡೆಯೋ ಇಮ್ಯುನೊಗ್ಲೋಬ್ಯುಲಿನ್‌ನೂ ಬೇಕು. ಗಾಯವಿಲ್ಲದ ಚರ್ಮಕ್ಕ ನೆಕ್ಕಿದ್ರ, ನೀವು ಬರೇ ಮುಟ್ಟಿದ್ರ ಏನೂ ಬ್ಯಾಡ, ಕೈ ತೊಳಕೊಂಡ್ರ ಸಾಕು. ಹುಳದಿಂದ ರೇಬಿಸ್ ಬರೂದಿಲ್ಲ. ರೋಗಾಣು ಇರೋದು ಜೊಲ್ಲಿನಾಗ.

ತಗಲಿದ ಕೂಡಲೇ ನಳದ ಕೆಳಗ ಹಿಡಿದು ಸಾಬೂನು ಹಚ್ಚಿ 15 ನಿಮಿಷ ತೊಳೀರಿ. ಗಡಿಯಾರ ನೋಡಿ ತೊಳೀರಿ, ಅಂದಾಜಿನಾಗ 15 ನಿಮಿಷ ಅಂದ್ರ ಎರಡು ನಿಮಿಷಕ್ಕ ಮುಗೀತದ. ಸಾಬೂನಿನಿಂದ ರೋಗಾಣುವಿನ ಮೇಲಿನ ಕೊಬ್ಬಿನ ಪೊರೆ ಕರಗತದ, ಅದಕ್ಕ ಇಷ್ಟು ಒತ್ತಿ ಹೇಳೋದು. ಆಮೇಲೆ ಪೊವಿಡೋನ್ ಹಚ್ಚರಿ. ಅರಿಷಿಣ, ಸುಣ್ಣ, ಖಾರಪುಡಿ ಬ್ಯಾಡ. ಗಟ್ಟಿ ಪಟ್ಟಿ ಕಟ್ಟಬ್ಯಾಡ್ರಿ. ಹೊಲಿಗಿನೂ ಸಾಧ್ಯ ಆದಷ್ಟು ಮುಂದೂಡತಾರ.

ಚರ್ಮದೊಳಗ ಹಾಕೋ ಲಸಿಕೆ ಆದ್ರ 0, 3, 7, 28ನೇ ದಿನ, ಪ್ರತಿ ಸಲ ಎರಡೂ ತೋಳಿಗೆ 0.1 ಮಿಲಿಯಂಗ. ಸ್ನಾಯುವಿಗೆ ಆದ್ರ 0, 3, 7, 14, 28. ಮೊದಲ ಸೂಜಿ ಹಾಕಿದ ದಿನಾನ 0, ಕಚ್ಚಿದ ದಿನ ಅಲ್ಲ. ತೋಳಿಗೆ ಹಾಕಬೇಕು, ಸಣ್ಣ ಮಕ್ಕಳಿಗೆ ತೊಡಿಗೆ. ಪಿರ್ರಿಗೆ ಹಾಕಿದ್ರ ಸರಿಯಾಗಿ ಕೆಲಸ ಮಾಡೂದಿಲ್ಲ. ಇಮ್ಯುನೊಗ್ಲೋಬ್ಯುಲಿನ್ ಗಾಯದ ಒಳಗ ಮತ್ತ ಸುತ್ತಲೂ ಚುಚ್ಚತಾರ, ಮೊದಲ ಲಸಿಕೆಯಿಂದ 7 ದಿನದೊಳಗ ಆಗಬೇಕು. ಹುಬ್ಬಳ್ಳಿಯವರಿಗೆ ಕಿಮ್ಸ್ ಆಸ್ಪತ್ರೆ, ಅಂದ್ರ ಈಗಿನ ಕೆಎಂಸಿಆರ್‌ಐ, ಧಾರವಾಡದವರಿಗೆ ಜಿಲ್ಲಾ ಆಸ್ಪತ್ರೆ.

ನಾಯಿಯನ್ನ 10 ದಿನ ಕಣ್ಣಿಟ್ಟು ನೋಡ್ರಿ. ಕಚ್ಚಿದ ಹೊತ್ತಿಗೆ ಜೊಲ್ಲಿನಾಗ ರೋಗಾಣು ಇದ್ದಿದ್ದೇ ಆದ್ರ ಅಷ್ಟರೊಳಗ ನಾಯಿಗೆ ಲಕ್ಷಣ ಬಂದು ಸಾಯತದ. ಆದ್ರ ಇದು ಸೂಜಿ ಮುಂದೂಡೋದಕ್ಕ ಕಾರಣ ಅಲ್ಲ. ಇವತ್ತೇ ಶುರು ಮಾಡ್ರಿ, ನಾಯಿ 10 ದಿನ ಆರೋಗ್ಯದಿಂದ ಇದ್ರ ಉಳಿದದ್ದು ಬೇಕೋ ಬ್ಯಾಡೋ ಡಾಕ್ಟರ್ ಹೇಳತಾರ. ಮಗಳಿಗೆ ಒಂದು ಮಾತು ಕಲಸ್ರಿ: ನಾಯಿ ಪರಚಿದ್ರ, ಕಚ್ಚಿದ್ರ ಮನ್ಯಾಗ ಬೈಯೂದಿಲ್ಲ, ಓಡಿ ಬಂದು ಹೇಳು. ಬೈಗುಳಕ್ಕ ಹೆದರಿ ಮುಚ್ಚಿಟ್ಟ ಮಕ್ಕಳೇ ತಡವಾಗಿ ಆಸ್ಪತ್ರೆಗೆ ಬರ್ತಾವ.

ಹಾವೇರಿ_ಶ್ವಾನಮಿತ್ರ

ಕೇಶ್ವಾಪುರದ ಅಣ್ಣಾರ ಹೇಳಿದ ಎಲ್ಲಾ ಮಾತೂ ಖರೆ, ಮಾಳಿಗಿ ಮ್ಯಾಲ ಕಟ್ಟೋದು ಒಂದು ಬಿಟ್ಟು. ಇವರ ಮನ್ಯಾಗ ಸಾಕಿದ ನಾಯಿ ಐತಿ. ಹೊಸ ನಾಯಿ 14 ದಿನ ಪೂರ್ತಿ ಬ್ಯಾರೆ ಇರಬೇಕು, ತಾಟು, ಹಾಸಿಗಿ, ಹೋಗೋ ಬರೋ ದಾರಿನೂ ಬ್ಯಾರೆ. ನಾಯಿಗೋಳಿಗೆ ವಾಂತಿ, ರಕ್ತಭೇದಿ ಹಚ್ಚೋ ಪಾರ್ವೋ ರೋಗಾಣು ನೆಲದಾಗ ತಿಂಗಳಗಟ್ಟಲೆ ಬದುಕತೈತಿ, ಚಪ್ಪಲಿ ಹತ್ತಿ ಒಳಗ ಬರತೈತಿ. ನೆಲ ಮೊದಲ ಸಾಬೂನಿಂದ ತೊಳದು, ಆಮೇಲೆ ಲೀಟರ್ ನೀರಿಗೆ 30 ಮಿಲಿ ಬ್ಲೀಚ್ ದ್ರಾವಣ ಬೆರಸಿ ಹಾಕಿ 10 ನಿಮಿಷ ಬಿಡ್ರಿ. ಫಿನೈಲ್‌ಗೆ ಪಾರ್ವೋ ಜಗ್ಗೂದಿಲ್ಲ. ನಿಮ್ಮ ನಾಯಿ ಲಸಿಕೆ ಚೀಟಿ ಇವತ್ತೇ ತಗದು ನೋಡ್ರಿ. ಜಾಗ ಇಲ್ಲಾಂದ್ರ ಅಲ್ಲೇ ಓಣ್ಯಾಗ, ದಿನಾ ಒಂದೇ ಹೊತ್ತಿಗೆ ಹೋಗಿ ಔಷಧ ಮಾಡೋದೇ ಚಲೋ. ಅದೇ ಹೊತ್ತಿಗೆ ಅದು ನಿಮ್ಮ ದಾರಿ ಕಾಯತೈತಿ.

ಹಸದ ನಾಯಿಗೆ ಒಮ್ಮೆಲೇ ಹೊಟ್ಟಿ ತುಂಬ ಹಾಕಬ್ಯಾಡ್ರಿ, ವಾಂತಿ ಭೇದಿ ಹತ್ತತಾವು. ಮೊದಲ ದಿನ ಎರಡು ದೊಡ್ಡ ಚಮಚ ಮೆತ್ತನ ಅನ್ನ, ಬೇಯಿಸಿದ ತತ್ತಿಯ ಕಾಲುಭಾಗ, ಹಿಂಗ ನಾಕು ಸಲ. ನಾಕೈದು ದಿನದಾಗ ಹೆಚ್ಚಸ್ಕೋಂತ ಹೋಗ್ರಿ. ಹಾಲು ಬ್ಯಾಡ, ಮೊಸರನ್ನ ನಡೀತೈತಿ, ಮಜ್ಜಿಗ್ಯಾಗ ನೆನಸಿದ ರೊಟ್ಟಿನೂ ಆದೀತು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣದ್ರಾಕ್ಷಿ, ಬೇಯಿಸಿದ ಕೋಳಿ ಎಲುಬು ಹಾಕಬ್ಯಾಡ್ರಿ.

ಗಾಯ ಮಾಗಿದ ಮ್ಯಾಲ ದೂರ ಒಯ್ದು ಬಿಡೋದು ಬ್ಯಾಡ. ಹೊಸ ಜಾಗಾದಾಗ ಅಲ್ಲಿನ ನಾಯಿಗೋಳು ಹರದು ಹಾಕತಾವು, ಇಲ್ಲಾ ವಾಪಸ್ ಬರಾಕ ಹೋಗಿ ಗಾಡಿ ಕೆಳಗ ಸಿಗತೈತಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಸಂತಾನಹರಣ, ರೇಬಿಸ್ ಲಸಿಕೆ ಆದ ನಾಯಿನ ಹಿಡದ ಜಾಗಾದಾಗೇ ಬಿಡಬೇಕು. ರೇಬಿಸ್ ಇದ್ದದ್ದು, ಭಾಳ ಆಕ್ರಮಣ ಮಾಡೋದು ಬಿಟ್ಟು ಉಳದದ್ದಕ್ಕೆಲ್ಲ ಅದೇ ಅಂತ 2025ರ ಆಗಸ್ಟ್ 22ಕ್ಕ ಸುಪ್ರೀಂ ಕೋರ್ಟೂ ಹೇಳೇತಿ. ಶಾಲಿ, ದವಾಖಾನಿ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣದ ಆವರಣದಿಂದ ಹಿಡದವನ್ನ ಮಾತ್ರ ಅಲ್ಲಿ ವಾಪಸ್ ಬಿಡೂವಂಗಿಲ್ಲ, ಅದು ಅದೇ ವರ್ಷ ನವೆಂಬರ್ 7ರ ಆದೇಶ.

ಹೆಣ್ಣು ನಾಯಿ ಐತಿ ಅಂತೀರಿ, ಎರಡೂ ಕಿವಿ ತುದಿ ನೋಡ್ರಿ. ವಿ ಆಕಾರದಾಗ ಕತ್ತರಿಸಿದ್ರ ಆಪರೇಷನ್ ಆಗೈತಿ ಅಂತ ಅರ್ಥ. ಕತ್ತರಿಸಿಲ್ಲಾಂದ್ರ ಮೊಲಿ ನೋಡ್ರಿ. ಹಾಲು ಇದ್ರ ಹತ್ರದಾಗ ಎಲ್ಲೋ ಮರಿ ಅದಾವು, ಚರಂಡಿ ಕೊಳವಿ, ಕಟ್ಟಡದ ಮರಳಿನ ಗುಂಪಿ ಹಿಂದ ಹುಡುಕ್ರಿ. ಅವು ಸಿಗೂತನಕ ತಾಯಿನ ಆಟೋದಾಗ ಹಾಕ್ಕೊಂಡು ಹೋಗಬ್ಯಾಡ್ರಿ.