ಒಂದು ತೂತು, ಒಂಬತ್ತು ಅರ್ಜಿ

"ಮೂರು ಮೀಟರ್ ತೂತು ಕೊರೆಯೋಕೆ ಎಷ್ಟು ಹೊತ್ತು ಬೇಕು?" ಅಂತ ನಾನು ಸುಮ್ನೆ ಕೇಳಿದೆ. ಡ್ರಿಲ್ಲಿಂಗ್ ಮಾಡುವ ಗೆಳೆಯ ಒಂದು ಗಂಟೆ ಅಂದ. ಪರ್ಮಿಶನ್ ಕಾಗದದ ಹಿಂದೆ ಓಡಾಡುವ ಗೆಳತಿ ಮೂರು ತಿಂಗಳು ಅಂದಳು. ಇಬ್ಬರೂ ನಿಜವನ್ನೇ ಹೇಳಿದ್ದರು.

ವಿಷಯ ಇಷ್ಟೇ. ಹಿಂದೆ ಪೆಟ್ರೋಲ್ ಬಂಕ್ ಇದ್ದ ಜಾಗ, ಅಲ್ಲಿನ ಮಣ್ಣು ಕೆಟ್ಟಿದೆಯಾ ಅಂತ ನೋಡಬೇಕು.

"ಅರ್ಜಿಯಲ್ಲಿ ಒಂದು ಕಾಲಂ ಇದೆ ಕಣೋ," ಅಂದಳು. "ಮಾಲಿನ್ಯ ಎಷ್ಟು ಆಳದವರೆಗಿದೆ ಅಂತ ಕೇಳ್ತಾರೆ. ಅದು ಗೊತ್ತಿದ್ರೆ ಯಾಕೆ ಕೊರೀತಿದ್ವಿ?"

"ಏನು ಬರೆದೆ?"

"ಕೊರೆದ ಮೇಲೆ ತಿಳಿಸ್ತೀವಿ ಅಂತ. ವಾಪಸ್ ಬಂತು."

"ಕೂಸು ಹುಟ್ಟೋ ಮುಂಚೆ ಕುಲಾವಿ ಅಳತೆ ಕೇಳಿದ ಹಾಗಾಯ್ತಲ್ಲ!"

ನಗು ಬಂದರೂ ಆ ಕಾಲಂ ಪೂರ್ತಿ ದಡ್ಡತನವೇನಲ್ಲ ಅಂತ ನನಗನ್ನಿಸಿತು. ಹಳೆಯ ನಕ್ಷೆ, ಆಕಾಶದಿಂದ ತೆಗೆದ ಹಳೆಯ ಫೋಟೊ ಹುಡುಕಿದರೆ ಟ್ಯಾಂಕ್ ಎಲ್ಲಿ ಹೂತಿತ್ತು ಅಂತ ಸುಮಾರಾಗಿ ಸಿಗುತ್ತದೆ. ಸೋರಿಕೆ ಜಾಸ್ತಿ ಇರೋದು ಪೈಪಿನ ಜಾಯಿಂಟ್‌ಗಳಲ್ಲಿ, ಟ್ಯಾಂಕಿನ ತಳದಲ್ಲಿ. ಪೆಟ್ರೋಲ್ ನೀರಿಗಿಂತ ಹಗುರ ಅಲ್ವಾ, ಮಣ್ಣಿನಲ್ಲಿ ಇಳಿದು ಇಳಿದು ಅಂತರ್ಜಲ ಸಿಕ್ಕಿದ ಕೂಡಲೇ ಅದರ ಮೇಲೆ ತೇಲುತ್ತಾ ಹರಡಿಕೊಳ್ಳುತ್ತದೆ, ಹಾಗಾಗಿ ನೀರು ಎಷ್ಟು ಕೆಳಗಿದೆ ಅಂತ ಗೊತ್ತಾದರೆ ಆಳವನ್ನೂ ಊಹಿಸಬಹುದು. ಇದನ್ನೇ ಬರೆದು ಮತ್ತೆ ಹಾಕು ಅಂದೆ. ಗೆಳತಿ ನನ್ನನ್ನು ನೋಡಿದ ರೀತಿಯಿಂದಲೇ ಗೊತ್ತಾಯಿತು, ಹಾಕಿ ಆಗಲೇ ಎರಡು ವಾರ ಆಗಿತ್ತು.

ಡ್ರಿಲ್ಲಿಂಗ್‌ನವನದ್ದು ಬೇರೆ ಗೋಳು. ನೆಲದಡಿ ಕರೆಂಟ್, ಗ್ಯಾಸ್, ನೀರು, ಕೇಬಲ್, ಒಬ್ಬೊಬ್ಬರದ್ದೂ ಒಂದೊಂದು ನಕ್ಷೆ, ಒಂದಕ್ಕೊಂದು ತಾಳೆಯಿಲ್ಲ. "ಇಲ್ಲಿ ಏನೂ ಇಲ್ಲ ಅಂತ ಸೀಲು ಹಾಕಿ ಕೊಟ್ಟಿದ್ರು ಮಾರಾಯ. ನಕ್ಷೆಯಲ್ಲಿಲ್ಲದ ಪೈಪಿಂದ ನಕ್ಷೆಯಲ್ಲಿಲ್ಲದ ಕಾರಂಜಿ ಬಂತು. ಅವತ್ತಿಂದ ಮೊದಲ 1.2 ಮೀಟರ್ ಕೈಯಲ್ಲೇ ತೋಡ್ತೀನಿ. ಯಾರು ಏನೇ ಸೀಲು ಹಾಕ್ಲಿ."

"ತೂತು ಮುಚ್ಚೋದು?"

"ಬೆಂಟೊನೈಟ್ ಅಂತ, ನೀರು ಕುಡಿದು ಉಬ್ಬೋ ಜೇಡಿ, ಅದನ್ನ ತುಂಬಬೇಕು. ಹಾಗೇ ಬಿಟ್ರೆ ಮೇಲಿನ ಕೊಳಕಿಗೆ ನಾವೇ ಲಿಫ್ಟ್ ಹಾಕಿಕೊಟ್ಟ ಹಾಗೆ, ಸೀದಾ ಅಂತರ್ಜಲಕ್ಕೆ. ಹೊರಗೆ ಬಂದ ಮಣ್ಣನ್ನ ಡ್ರಮ್ಮಿಗೆ ತುಂಬಿ ಇಡಬೇಕು, ರಿಪೋರ್ಟ್ ಬರೋ ತನಕ ಎಲ್ಲೂ ಸುರಿಯೋ ಹಾಗಿಲ್ಲ."

"ಅದಕ್ಕೂ ಒಂದು ಅರ್ಜಿ," ಅಂದಳು ಗೆಳತಿ, ತಲೆ ಎತ್ತದೆ.

ಅಷ್ಟರಲ್ಲಿ ಲ್ಯಾಬ್‌ನವನು ಬಾಯಿ ಹಾಕಿದ. ಅವನಿಗೆ ತೂತಿನ ಚಿಂತೆಯಿಲ್ಲ. "ಪ್ರತಿ ಸ್ಯಾಂಪಲ್‌ಗೂ ಹೊಸ ಗ್ಲೌಸ್. ಪೆಟ್ರೋಲಲ್ಲಿರೋ ಬೆಂಜೀನ್ ಅನ್ನೋ ವಿಷ ಕಣ್ಣು ಮಿಟುಕಿಸೋದರೊಳಗೆ ಹಾರಿಹೋಗತ್ತೆ, ಮಣ್ಣು ಹಿಡ್ಕೊಂಡು ಹರಟೆ ಹೊಡೀತಾ ನಿಲ್ಲಬೇಡಿ. ಲ್ಯಾಬ್‌ನ ಬಾಟಲಿಗೇ ಹಾಕಿ, ಐಸ್ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆ ಕೈ ಬದಲಾದಾಗೆಲ್ಲ ಕೊಟ್ಟವರ ಸಹಿ, ತಗೊಂಡವರ ಸಹಿ. ಹೋದ ಸಲ ಒಬ್ಬ ಮನೆಯ ಉಪ್ಪಿನಕಾಯಿ ಜಾಡಿಯಲ್ಲಿ ತಂದಿದ್ದ. ಎಣ್ಣೆ ಅಂಶ ಜಾಸ್ತಿ ಬಂತು, ಯಾರದ್ದು ಅಂತ ಗೊತ್ತಾಗಲಿಲ್ಲ."

ಎಲ್ಲರೂ ನಗುತ್ತಿರುವಾಗಲೇ ಗೆಳತಿಯ ಫೋನು ಟಿಣ್ ಅಂದಿತು. ಓದಿದವಳು ಎದ್ದೇ ನಿಂತಳು. "ಪರ್ಮಿಟ್ ಬಂತು! ನಾಳೆ, ನಾಡಿದ್ದು. ಎರಡೇ ದಿನ."

ಡ್ರಿಲ್ಲಿಂಗ್‌ನವನು ಮಶೀನ್ ರೆಡಿ ಅಂದ. ಲ್ಯಾಬ್‌ನವನು ಐಸ್ ರೆಡಿ ಅಂದ. ಆಮೇಲೆ ಮೂವರೂ ನನ್ನ ಕಡೆ ತಿರುಗಿದರು.

"ಬಾಟಲಿ ಆರ್ಡರ್ ಮಾಡೋದು ನಿನ್ನ ಕೆಲಸ ಅಲ್ವಾ?"