ಅಪ್‌ಡೇಟ್: ಒಂದಾಣೆ ಬೋಧಿಸತ್ವ ಸ್ಟಾಂಪಿನ ಬಿಳಿ ಚುಕ್ಕೆ

ದಾವಣಗೆರೆ ಮಂಡಿಪೇಟೆಯಲ್ಲಿದ್ದ ನಮ್ಮ ಅಜ್ಜನ ಅಂಗಡಿಯ ಹಳೇ ಕವರ್‌ಗಳಲ್ಲಿ ಎರಡು ಥರದ ಬೋಧಿಸತ್ವ ಸ್ಟಾಂಪ್ ಸಿಕ್ಕಿವೆ, ಒಂದರಲ್ಲಿ ಬಿಳಿ ಚುಕ್ಕೆಯೂ ಇದೆ, ಇವು ಏನು ಅಂತ ಕೇಳಿದ್ದೆ ಅಲ್ವಾ?

ಮೊದಲನೆಯದು ಬಗೆಹರಿಯಿತು. 1949ರ ಆಗಸ್ಟ್ 15ರಂದು ಬಂದ ಸರಣಿಯಲ್ಲಿ ಈ ಸ್ಟಾಂಪಿನ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡ-ಬಲ ಉಲ್ಟಾ ಅಚ್ಚಾಗಿ ಮೂರ್ತಿಯ ಎಡಗೈ ಚಾಚಿದಂತಿತ್ತು. 1950ರಲ್ಲಿ ಅದನ್ನು ಸರಿಮಾಡಿ ಬಲಗೈ ಬರುವಂತೆ ಮತ್ತೆ ಹೊರತಂದರು. ನನ್ನ ಹತ್ತಿರ ಎರಡೂ ಇವೆ! ಎಡಗೈಯದರ ಮೇಲಿನ ಅಂಚೆ ಮುದ್ರೆಯಲ್ಲಿ 1949 ಅಂತ ನೀಟಾಗಿ ಓದಬಹುದು. ಕವರಿನಿಂದ ಬಿಡಿಸಬೇಡಿ ಅಂದವರಿಗೆ ಥ್ಯಾಂಕ್ಸ್, ನೀರಿಗೆ ಹಾಕಿದ್ದರೆ ಈ ತಾರೀಖಿನ ಅರ್ಧ ಭಾಗ ಕವರಿನಲ್ಲೇ ಉಳಿಯುತ್ತಿತ್ತು.

ಚುಕ್ಕೆಯ ಕಥೆ ಬೇರೆ. ಭೂತಗನ್ನಡಿ ಹಿಡಿದು ನೋಡಿದರೆ ಅದು ಎಡಗೈಯ ಸ್ಟಾಂಪಿನಲ್ಲಿ ಮೂರ್ತಿಯ ಭುಜದ ಪಕ್ಕ, ಸಾಸಿವೆ ಕಾಳಿಗಿಂತ ಚಿಕ್ಕದು, ಅಂಚು ಮಸುಕು. ಅಚ್ಚು ಹಾಕುವ ಪ್ಲೇಟಿನದೇ ದೋಷ ಆಗಿದ್ದರೆ ಆ ಪ್ಲೇಟಿನಿಂದ ಬಂದ ಪ್ರತಿ ಹಾಳೆಯಲ್ಲೂ ಅದೇ ಜಾಗದ ಸ್ಟಾಂಪಿನಲ್ಲಿ ಅದೇ ಆಕಾರದಲ್ಲಿ ಬರಬೇಕು. ಅಂದರೆ ಇದಕ್ಕೆ ಜೋಡಿ ಸಿಗಬೇಕು. ಅಜ್ಜನ ಕವರ್‌ಗಳ ಕಟ್ಟಿನಲ್ಲಿದ್ದ ಬೇರೆ ಯಾವ ಸ್ಟಾಂಪಿನಲ್ಲೂ ಇಲ್ಲ, ಆದರೆ ಅವೆಲ್ಲ ಹಾಳೆಯ ಬೇರೆ ಜಾಗದವು ಇರಬಹುದು, ಹಾಗಾಗಿ ಅಷ್ಟಕ್ಕೇ ತೀರ್ಮಾನ ಆಗಲ್ಲ. ನನಗಂತೂ ಧೂಳೋ ಕಾಗದದ ಎಳೆಯೋ ಅಡ್ಡ ಬಂದು ಶಾಯಿ ಹತ್ತದೆ ಹೋಗಿದೆ ಅನ್ನಿಸುತ್ತದೆ. ಅಂಥದ್ದಕ್ಕೆ ಸುಮ್ನೆ ಜಾಸ್ತಿ ರೇಟು ಹೇಳುವವರೂ ಇದ್ದಾರೆ.

ನಿಮ್ಮಲ್ಲಿ ಯಾರ ಹತ್ತಿರವಾದರೂ ಎಡಗೈಯದು ಇದ್ದರೆ ಭುಜದ ಪಕ್ಕ ಒಮ್ಮೆ ನೋಡಿ ಹೇಳಿ.